ನಾನಂತೂ ಫ್ರೆಂಚನ್ನೂ ಕನ್ನಡದಲ್ಲೇ ಹೇಳಿಕೊಡಿ ಅಂತೀನಿ

ಮೊನ್ನೆ ಭಾನುವಾರ ಅಕ್ಕನ ಮಗಳು ದಾವಣಗೆರೆಯಿಂದ ಹರಿಹರಕ್ಕೆ, ನಮ್ಮನೆಗೆ ಬಂದಿದ್ಲು. ಮುಖ ಸಪ್ಪಗಿತ್ತು. ಕೇಳಿದ್ದಕ್ಕೆ "ಮಾಮ, ಫ್ರೆಂಚ್ ಕ್ಲಾಸ್ ಬಿಟ್ಬಿಡ್ತೀನಿ. ನನ್ ತಲೆಗೆ ಹತ್ತೋದೇ ಇಲ್ಲ" ಅಂದ್ಲು.

ಅವಳ ತಕರಾರು ಇದು. 'ಮ್ವಾ, ಜ ಪ್ರೆಫೆರ್ ಲ ತೆ' ಅಂತ ಒಂದು ವಾಕ್ಯ. ನನಗೆ ಚಹಾ ಇಷ್ಟ ಅಂತ ಅರ್ಥ. 'ಜ' ಅಂದ್ರೂ ನಾನು, 'ಮ್ವಾ' ಅಂದ್ರೂ ನಾನು. ಒಂದೇ ವಾಕ್ಯಕ್ಕೆ ಎರಡೆರಡು ನಾನು ಯಾಕೆ? ಕ್ಲಾಸಲ್ಲಿ ಇಂಗ್ಲಿಷಿನಲ್ಲಿ "ಇದು ಎಂಫಸಿಸ್, ಬಾಯಿಪಾಠ ಮಾಡಿ" ಅಂದು ಮುಗಿಸಿದ್ರಂತೆ. ಕನ್ನಡದಲ್ಲಿ ಕೇಳೋ ಹಾಗಿಲ್ಲವಂತೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ: "ನೀವು ಬೇಕಾದ್ರೆ ಕಾಫಿ ಕುಡೀರಪ್ಪ, ನಾನಂತೂ ಚಾ ಮಾಡ್ಕೋತೀನಿ."

"ನೋಡು, ನಿಮ್ಮಜ್ಜಿ ಈಗ ಹೇಳಿದ್ದೇ ಮ್ವಾ, ಜ!" ಅಂದೆ.

ವಿಷಯ ಇಷ್ಟೇ. ಫ್ರೆಂಚಿನ 'ಜ' ಬಡಪಾಯಿ. ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕು, ಅದರ ಮೇಲೆ ಒತ್ತು ಹಾಕಿ ಹೇಳೋಕೆ ಬರಲ್ಲ. ಇಂಗ್ಲಿಷಿನವರು 'ಐ' ಅಂತ ದನಿ ಏರಿಸಿದರೆ ಸಾಕು. ಫ್ರೆಂಚಿನವರಿಗೆ ಒತ್ತು ಬೇಕಾದಾಗ 'ಮ್ವಾ' ಅನ್ನೋ ಇನ್ನೊಂದು ಪದವನ್ನೇ ತರಬೇಕು. ನಾವು ಪದ ತರಲ್ಲ, ಬಾಲ ಅಂಟಿಸ್ತೀವಿ. 'ಮ್ವಾ, ಜ' ಅಂದ್ರೆ ನಾನಂತೂ. 'ಮ್ವಾ ಓಸಿ' ಅಂದ್ರೆ ನಾನೂ. ಬೆಣ್ಣೆದೋಸೆ ತಿಂದಾದ ಮೇಲೆ "ದುಡ್ಡು ಕೊಟ್ಟಿದ್ದು ನಾನೇ" ಅಂತೀವಲ್ಲ, ಅದು 'ಸೆ ಮ್ವಾ ಕಿ ಎ ಪೆಯೆ'. ಈ 'ಏ'ಗೆ ನಮ್ಮ ವ್ಯಾಕರಣದಲ್ಲಿ ಅವಧಾರಣೆ ಅಂತ ಹೆಸರೇ ಇದೆ. ಹೈಸ್ಕೂಲಲ್ಲಿ ಓದಿ ಮರೆತಿದ್ದೀವಿ ಅಷ್ಟೇ.

ಎಲ್ಲಾ ಒಂದೇ ಅಂತ ನಾನು ಹೇಳ್ತಿಲ್ಲ. "ಬರ್ತೀನಿ" ಅಂದ್ರೆ ಸಾಕು, ಬರೋದು ನಾನು ಅಂತ ಆ ಕ್ರಿಯಾಪದವೇ ಹೇಳುತ್ತೆ. ಫ್ರೆಂಚಿನಲ್ಲಿ 'ಜ' ಬಿಡೋ ಹಾಗಿಲ್ಲ. ಆದರೆ ಈ ವ್ಯತ್ಯಾಸ ಗೊತ್ತಾಗೋದೂ ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ತಾನೆ?

"ಹೊಸ ಭಾಷೆ ಆ ಭಾಷೆಯಲ್ಲೇ ಕಲೀಬೇಕು" ಅಂತ ಕೆಲವರು ಹೇಳ್ತಾರೆ. ಸರಿ, ಕ್ಲಾಸ್ ಪೂರ್ತಿ ಫ್ರೆಂಚಲ್ಲೇ ನಡೆಯಲಿ, ಬೇಡ ಅನ್ನಲ್ಲ. ಆದರೆ ವಿವರಣೆ ಇಂಗ್ಲಿಷಿನಲ್ಲಿ ಕೊಡಬಹುದು, ಕನ್ನಡದಲ್ಲಿ ಮಾತ್ರ ಕೂಡದು ಅನ್ನೋದು ಯಾವ ನ್ಯಾಯ? ಆ ಹುಡುಗಿ ಹುಟ್ಟಿದಾಗಿನಿಂದ ನಾನೇ, ನಾನೂ, ನಾನಂತೂ ಅಂತ ಒಂದು ತಪ್ಪೂ ಮಾಡದೆ ಮಾತಾಡ್ತಿದ್ದಾಳೆ. ಅಷ್ಟು ದೊಡ್ಡ ಆಸ್ತೀನ ಬಾಗಿಲ ಹೊರಗೆ ಬಿಟ್ಟು ಬಾ ಅಂದು, ಆಮೇಲೆ "ನಿನಗೆ ಭಾಷೆ ಬರಲ್ಲ" ಅಂದ್ರೆ ಹೇಗೆ? ಅವಳು ಕಳ್ಕೊಂಡಿದ್ದು ಫ್ರೆಂಚ್ ಅಲ್ಲ, ಧೈರ್ಯ.

ಸಂಜೆ ಬಸ್ ಸ್ಟ್ಯಾಂಡಿಗೆ ಬಿಡೋಕೆ ಹೋದಾಗ "ಕ್ಲಾಸ್ ಬಿಡ್ತೀಯಾ?" ಅಂತ ಕೇಳಿದೆ. "ನಾನಂತೂ ಬಿಡಲ್ಲ" ಅಂದು ನಕ್ಕಳು :-)

ಬೇರೆ ಭಾಷೆ ಕಲಿತ ಗೆಳೆಯರೇ, ನಿಮಗೆ ಕನ್ನಡ ಹೀಗೆ ಕೈಹಿಡಿದದ್ದು ಉಂಟಾ? ಹೇಳಿ.