ಎಲ್ಲಾ ಸಿಗುತ್ತದೆ ಎನ್ನುವವರಿಗೆ

"ಬೈಂಡಿಂಗಿಗೆ ಇನ್ನು ಹಣವಿಲ್ಲ ಮೇಡಂ, ಈಗ ಎಲ್ಲಾ ಕಂಪ್ಯೂಟರಿನಲ್ಲೇ ಸಿಗುತ್ತಲ್ಲ." ಯಾವ ಕಾಲೇಜಿನ ಗ್ರಂಥಾಲಯಕ್ಕೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರಿಗೆ ನಿರಾಳ, ನನಗೆ ಮೈಯುರಿ.

ಎಲ್ಲಾ ಎಂದರೆ ಯಾವುದೆಲ್ಲ? 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹೆಚ್ಚುಕಡಿಮೆ 13,000 ನಿಯತಕಾಲಿಕೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಹುಡುಗಿಗೆ ದೊಡ್ಡ ವಿಶ್ವವಿದ್ಯಾಲಯದವರು ಓದುವುದೇ ಸಿಗುವುದಾದರೆ ಸಂತೋಷ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಲ್ಸೆವಿಯರ್, ಸ್ಪ್ರಿಂಗರ್, ವೈಲಿಗಳಿಗೆ ಕಟ್ಟುವುದು ಚಂದಾ. ಒಪ್ಪಂದದಲ್ಲಿ ಬರೆದಷ್ಟು ದಿನ, ಬರೆದಷ್ಟೇ ನಮ್ಮದು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲೂ ಕೇಳಬೇಕಲ್ಲ, ಹಾಗೆ.

ಮತ್ತೆ ನಮ್ಮ ಕನ್ನಡದ ಮಾಸಿಕ, ತ್ರೈಮಾಸಿಕಗಳು? ಅವನ್ನು ಉಳಿಸಿದ್ದು ಸೂಜಿ, ದಾರ ಮತ್ತು ಮೈಲುತುತ್ತ ಬೆರೆಸಿದ ಮೈದಾ ಅಂಟು. ವರ್ಷದ ಹನ್ನೆರಡು ಸಂಚಿಕೆಗಳನ್ನು ಜೋಡಿಸಿ, ಬಾರದಿದ್ದ ಸಂಚಿಕೆಗೆ ಪತ್ರ ಬರೆದು ತರಿಸಿ, ಹೊಲಿಸಿ, ರಟ್ಟು ಹಾಕಿಸಿ, ಬೆನ್ನಿನ ಮೇಲೆ ಹೆಸರು, ವರ್ಷ ಅಚ್ಚು ಹಾಕಿಸಿದರೆ ಅದು ಸಂಪುಟ. ಬಿಡಿಬಿಡಿಯಾಗಿ ಬಿದ್ದಿದ್ದರೆ ರದ್ದಿ. ಎರಡಕ್ಕೂ ಇರುವ ಅಂತರ ಇಷ್ಟೇ.

ಅದರಲ್ಲೂ ಹೆಂಗಸರ ಪತ್ರಿಕೆಗಳ ಗತಿ ಕೇಳಬೇಡಿ. ನಂಜನಗೂಡು ತಿರುಮಲಾಂಬ 'ಕರ್ನಾಟಕ ನಂದಿನಿ' ನಡೆಸಿದರು, ಆರ್. ಕಲ್ಯಾಣಮ್ಮ 'ಸರಸ್ವತಿ'ಯನ್ನು ದಶಕಗಟ್ಟಲೆ ಹೊರತಂದರು. ನಾನು ಹೋದ ಗ್ರಂಥಾಲಯಗಳಲ್ಲಿ ಇವೆರಡರ ಪೂರ್ತಿ ಸಾಲನ್ನು ಒಮ್ಮೆಯೂ ಕಂಡಿಲ್ಲ. ಅಡುಗೆ, ಹೊಲಿಗೆ, ಓದುಗರ ಪತ್ರ ಇರುವ ಪತ್ರಿಕೆಗೆ ರಟ್ಟು ಯಾಕೆ ದಂಡ ಎಂದವರೇ ಹೆಚ್ಚು. ಬೈಂಡ್ ಮಾಡಿದ ಕಡೆಯೂ ಮುಖಪುಟ ಮತ್ತು ಜಾಹೀರಾತುಗಳನ್ನು ಕಿತ್ತೆಸೆದಿರುತ್ತಾರೆ. ಆ ಕಾಲದ ಹೆಣ್ಣು ಯಾವ ಸೋಪು ಕೊಂಡಳು, ಯಾವ ಟಾನಿಕ್ಕಿಗೆ ಮರುಳಾದಳು ಎಂದು ತಿಳಿಯಬೇಕಾದರೆ ಇನ್ನೆಲ್ಲಿ ಹುಡುಕಬೇಕು? ಅಡುಗೆಮನೆಯ ಡಬ್ಬಿಯಡಿ ಹಾಸಿದ ಹಾಳೆಯಲ್ಲೇ?

ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ ತಪಾಸಣೆ ಬರುತ್ತದೆಂದು ಕೋಣೆ ಚೊಕ್ಕಟ ಮಾಡಿದರು. ತಕ್ಕಡಿ ಏರಿದವುಗಳಲ್ಲಿ ಮೊದಲಿನವು ಮಹಿಳಾ ಮಾಸಿಕಗಳು. ಸ್ಪರ್ಧಾ ಪರೀಕ್ಷೆಯ ಗೈಡುಗಳು ಮಾತ್ರ ಕಪಾಟಿನಲ್ಲಿ ಭದ್ರವಾಗಿ ಕುಳಿತವು, ಮುಂದಿನ ವರ್ಷ ಅವು ಹಳತಾಗುತ್ತವೆಂದು ಎಲ್ಲರಿಗೂ ಗೊತ್ತಿದ್ದರೂ.

ಜಾಗವಿಲ್ಲ ಎನ್ನುತ್ತಾರೆ. ಸರಿ, ಸ್ಕ್ಯಾನ್ ಮಾಡಿ. ಮುಖಪುಟದಿಂದ ಕೊನೆಯ ಜಾಹೀರಾತಿನವರೆಗೆ ಪೂರ್ತಿ ಮಾಡಿ, ಆಮೇಲೆ ಜಾಗದ ಮಾತಾಡೋಣ. ಸ್ಕ್ಯಾನೂ ಇಲ್ಲ, ರಟ್ಟೂ ಇಲ್ಲ, ಬರೀ 'ಎಲ್ಲಾ ಸಿಗುತ್ತೆ' ಎಂಬ ಬಾಯಿಮಾತು ಮಾತ್ರ!

ನಿಮ್ಮ ಮನೆಯ ಹುಡುಗಿ ಕಾಲೇಜಿಗೆ ಹೋಗುತ್ತಿದ್ದರೆ ಒಂದು ಕೆಲಸ ಹೇಳಿ. ಹೋದ ವರ್ಷದ ಕನ್ನಡ ಮಾಸಿಕಗಳು ಎಲ್ಲಿವೆ ಎಂದು ಅವಳು ಗ್ರಂಥಾಲಯದಲ್ಲಿ ಕೇಳಲಿ. 'ಆನ್‌ಲೈನಿನಲ್ಲಿದೆ' ಎಂದರೆ, ಎಲ್ಲಿದೆ ತೆಗೆದು ತೋರಿಸಿ ಎನ್ನಲಿ.