ಒಂದು ಹಗಲಿಗೆ ದಕ್ಕುವ ಕಣಿವೆ

ಒಂದು ಊರನ್ನು ತಿಳಿಯಬೇಕಾದರೆ ಅಲ್ಲಿ ಕೆಲಕಾಲ ಇರಬೇಕು, ಗೈಡಿನ ಹಿಂದೆ ಗುಂಪುಕಟ್ಟಿ ಹೋಗಿ ಸಂಜೆಗೆ ಮರಳುವವರಿಗೆ ಏನೂ ದಕ್ಕುವುದಿಲ್ಲ ಎಂಬ ಮಾತು ತಿರುಗಾಟದ ಹುಚ್ಚಿರುವವರ ನಡುವೆ ಬಹಳ ಕಾಲದಿಂದ ಇದೆ. ಕೇಳಲು ಸರಿಯೆನಿಸುವ ಈ ಮಾತಿನ ಬಗ್ಗೆ ನನಗೆ ಎರಡು ತಕರಾರುಗಳಿವೆ. ಬಿಡುವೂ ದುಡ್ಡೂ ಕಡಿಮೆ ಇರುವವರನ್ನು ಅದು ನೋಡುವ ಹಕ್ಕಿನಿಂದಲೇ ಹೊರಗಿಡುತ್ತದೆ. ಜೊತೆಗೆ, ಹೆಚ್ಚು ದಿನ ಇದ್ದವರಿಗೆ ಹೆಚ್ಚು ಕಾಣುತ್ತದೆ ಎಂದು ವಿಚಾರಿಸದೆ ನಂಬಿಬಿಡುತ್ತದೆ. ಹೋಟೆಲಿನ ಜಗಲಿಯಲ್ಲಿ ವಾರಗಟ್ಟಲೆ ಕೂತು ಎದುರಿನ ಬೆಟ್ಟವನ್ನು ಮೆಚ್ಚಿದವರಿಗೂ ಆ ಬೆಟ್ಟಕ್ಕೆ ಆ ರೂಪ ಕೊಟ್ಟವರು ಯಾರೆಂದು ತಿಳಿಯದೆ ಹೋಗಬಹುದು. ಹೇಳಿಕೊಡುವವರು ಜೊತೆಗಿದ್ದರೆ ಒಂದು ಹಗಲಿನಲ್ಲೇ ಅದು ತಿಳಿಯಲೂಬಹುದು.

ಪೋರ್ಚುಗಲ್‌ನ ದೋರು ಕಣಿವೆಯನ್ನೇ ತೆಗೆದುಕೊಳ್ಳೋಣ. ಸ್ಪೇನಿನಲ್ಲಿ ಹುಟ್ಟಿ ಸುಮಾರು 900 ಕಿಲೋಮೀಟರ್ ಹರಿದು ಪೋರ್ಟೊ ನಗರದ ಬಳಿ ಅಟ್ಲಾಂಟಿಕ್ ಸೇರುವ ನದಿ ಅದು. ಪೋರ್ಟ್ ವೈನಿನ ದ್ರಾಕ್ಷಿ ಬೆಳೆಯುವುದು ಅದರ ಮೇಲ್ಕಣಿವೆಯಲ್ಲಿ, ಪೋರ್ಟೊದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ. ಬೆಳಿಗ್ಗೆ ಪೋರ್ಟೊದಿಂದ ಹೊರಡುವ ಮಿನಿಬಸ್ಸುಗಳ ದಿನಚರಿ ಬಹುಮಟ್ಟಿಗೆ ಒಂದೇ. ಮರಾಂವ್ ಬೆಟ್ಟಸಾಲು ದಾಟುವುದು, ಎತ್ತರದ ಕಟ್ಟೆಯೊಂದರಿಂದ ಕಣಿವೆ ನೋಡುವುದು, ಒಂದೆರಡು ದ್ರಾಕ್ಷಿತೋಟಗಳಲ್ಲಿ ವೈನಿನ ರುಚಿ, ಅಲ್ಲೇ ಊಟ, ಪಿನ್ಯಾಂವ್ ಎಂಬ ಪುಟ್ಟ ಊರಿನಿಂದ ಒಂದು ತಾಸಿನ ದೋಣಿಯಾನ, ಕತ್ತಲಾಗುವ ಹೊತ್ತಿಗೆ ವಾಪಸ್ಸು. ಆ ಬಸ್ಸುಗಳಲ್ಲಿ ಕೂತಿರುವವರು ಎರಡು ದಿನದ ರಜೆ ಜೋಡಿಸಿಕೊಂಡು ಬಂದ ನೌಕರರು, ಕಾರು ಓಡಿಸಲಾರದ ವಯಸ್ಸಾದವರು, ಒಂಟಿಯಾಗಿ ಬಂದ ಹೆಂಗಸರು. ಯೂರೋಪಿನಲ್ಲಿ ಕೆಲಸದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋದ ನಮ್ಮ ಹಿರಿಯರೂ ಅವರಲ್ಲಿರಬಹುದು. ರುಚಿ ನೋಡಿದವರು ಅಂಕುಡೊಂಕು ಬೆಟ್ಟದ ದಾರಿಯಲ್ಲಿ ಸ್ಟಿಯರಿಂಗ್ ಹಿಡಿಯದೆ ಇನ್ನೊಬ್ಬರ ಕೈಗೆ ಕೊಡುವುದು ವಿವೇಕದ ಕೆಲಸ. ಗುಂಪು ಪ್ರವಾಸವನ್ನು ಹಳಿಯುವವರು ಈ ಸರಳ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಪ್ರಶ್ನೆ ಅವಧಿಯದ್ದಾಗಿ ಉಳಿಯುವುದಿಲ್ಲ. ಆ ಹಗಲಿನಲ್ಲಿ ಏನನ್ನು ತೋರಿಸುತ್ತಾರೆ, ಏನನ್ನು ತೋರಿಸದೆ ಬಿಡುತ್ತಾರೆ ಎಂಬುದನ್ನು ಕೇಳಬೇಕು.

ಮೊದಲು ಬೆಟ್ಟಸಾಲು. ನಮ್ಮಲ್ಲಿ ಆಗುಂಬೆ ಘಟ್ಟದಲ್ಲಿ ಸುರಿಯುವ ಮಳೆ ಪೂರ್ವಕ್ಕೆ ಬಂದಂತೆ ಬಡವಾಗಿ ಬಯಲುಸೀಮೆ ಶುರುವಾಗುವ ಹಾಗೆ, ಅಲ್ಲಿ ಮರಾಂವ್ ಸಾಲು ಅಟ್ಲಾಂಟಿಕ್ಕಿನ ತೇವವನ್ನು ತಡೆಯುತ್ತದೆ. ಪಡುವಣ ಕಡೆ ಹಸಿರು, ಕಾಳು, ಹುಲ್ಲು. ದಾಟಿದೊಡನೆ ಒಣ ಇಳಿಜಾರು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಚಳಿಗಾಲ ದೀರ್ಘ. ನೆಲವೆಂದರೆ ಪದರಪದರವಾಗಿ ಸೀಳುವ ಶಿಸ್ಟ್ ಕಲ್ಲು. ಬಹುಪಾಲು ಬೆಳೆಗಳಿಗೆ ಒಗ್ಗದ ಆ ಕಲ್ಲಿನ ಸೀಳುಗಳಲ್ಲಿ ದ್ರಾಕ್ಷಿಯ ಬೇರು ಆಳಕ್ಕಿಳಿದು ನೀರು ಹುಡುಕಿಕೊಳ್ಳುತ್ತದೆ. ಹಾಗಿದ್ದರೂ ಇಳಿಜಾರಿನಲ್ಲಿ ಬಳ್ಳಿ ನಿಲ್ಲಲು ಮಣ್ಣು ಬೇಕಲ್ಲ. ಆ ಮಣ್ಣನ್ನು ಜನ ಮಾಡಿಕೊಂಡರು. ಬಂಡೆ ಒಡೆದು, ಪುಡಿ ಮಾಡಿ, ಒಡೆದ ಕಲ್ಲನ್ನೇ ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿ ಗೋಡೆ ಕಟ್ಟಿ, ಅದರ ಹಿಂದೆ ಪುಡಿಯನ್ನು ತುಂಬಿದರು. ನೋಡುವ ಕಟ್ಟೆಯಲ್ಲಿ ನಿಂತಾಗ ಕಣ್ಣಿಗೆ ಬೀಳುವ, ನದಿಯ ಅಂಚಿನಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ರೂಪ ಪ್ರಕೃತಿಯ ಕೊಡುಗೆಯಲ್ಲ. 2001ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಮನುಷ್ಯರು ರೂಪಿಸಿದ, ಈಗಲೂ ಬೆಳೆಯುತ್ತಿರುವ ಭೂದೃಶ್ಯವೆಂದೇ ಸೇರಿಸಿತು.

ಗೈಡಿನ ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಬರಿಗಣ್ಣಿಗೆ ಎಲ್ಲ ಮೆಟ್ಟಿಲೂ ಒಂದೇ ತರ. ಬಲ್ಲವರು ಬೆರಳು ತೋರಿಸಿದರೆ ಒಂದೇ ಬೆಟ್ಟದ ಮೈಮೇಲೆ ಮೂರು ನಾಲ್ಕು ಕಾಲಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಒಂದೋ ಎರಡೋ ಸಾಲು ಬಳ್ಳಿ ಹಿಡಿಯುವಷ್ಟು ಕಿರಿದಾದ, ಬೆಟ್ಟದ ಮೈಯ ತಿರುವನ್ನೇ ಅನುಸರಿಸುವ ಗೋಡೆಗಳು ಎಲ್ಲಕ್ಕಿಂತ ಹಳೆಯವು. ಆ ಗೋಡೆಯ ಮುಖದಲ್ಲೇ ತೂತು ಬಿಟ್ಟು ಅದರಲ್ಲಿ ಬಳ್ಳಿ ನೆಟ್ಟು, ಮೇಲಿನ ಸಮತಟ್ಟನ್ನು ಕಾಳಿಗೆ ಉಳಿಸಿಕೊಂಡದ್ದೂ ಉಂಟು. ಹಸಿದ ಕುಟುಂಬಗಳು ಗೇಣು ನೆಲವನ್ನೂ ಬಿಡದೆ ಬಳಸಿದ ರೀತಿ ಅದು. ಅಗಲವಾದ, ನೆಟ್ಟಗಿನ ಗೋಡೆಗಳು 19ನೆಯ ಶತಮಾನದ ಕೊನೆಯವು. ಗೋಡೆಯೇ ಇಲ್ಲದೆ ಬರೀ ಮಣ್ಣಿನ ಏರಿಯಿರುವ ಮೆಟ್ಟಿಲುಗಳು 1970ರ ದಶಕದಿಂದೀಚೆಗೆ ಬುಲ್ಡೋಜರ್ ಕಡಿದವು. ಕೆಲವು ಕಡೆ ಮೆಟ್ಟಿಲನ್ನೇ ಬಿಟ್ಟು ಬಳ್ಳಿಯ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಇಳಿಸಿದ್ದಾರೆ. ಇವುಗಳ ನಡುನಡುವೆ ಪೊದೆ ಮುಚ್ಚಿದ, ಅಲ್ಲೊಂದು ಇಲ್ಲೊಂದು ಆಲಿವ್ ಮರ ನಿಂತಿರುವ ಪಾಳು ಮೆಟ್ಟಿಲುಗಳಿವೆ. ಹೆಚ್ಚಿನ ಪ್ರವಾಸಿಗಳು ಕ್ಯಾಮೆರಾ ತಿರುಗಿಸದೆ ಬಿಡುವುದು ಅವುಗಳ ಕಡೆಗೇ. ನನ್ನ ಮಟ್ಟಿಗೆ ಕಣಿವೆಯಲ್ಲಿ ನೋಡಲೇಬೇಕಾದ ಜಾಗ ಅದು.

1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಕೀಟ ಇಲ್ಲಿನ ಬಳ್ಳಿಗಳ ಬೇರು ತಿಂದುಹಾಕಿತು. ತಲೆಮಾರುಗಳ ದುಡಿಮೆ ಕೆಲವೇ ವರ್ಷಗಳಲ್ಲಿ ಒಣಗಿತು. ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬಳ್ಳಿಯ ಬೇರಿಗೆ ಊರಿನ ತಳಿಯನ್ನು ಕಸಿ ಕಟ್ಟುವುದೇ ಪರಿಹಾರವೆಂದು ಕಂಡುಕೊಳ್ಳುವ ಹೊತ್ತಿಗೆ ಎಷ್ಟೋ ಮನೆಗಳು ಬಾಗಿಲು ಹಾಕಿ ಹೊರಟುಹೋಗಿದ್ದವು. ಶಕ್ತಿಯಿದ್ದವರು ಮತ್ತೆ ಗೋಡೆ ಕಟ್ಟಿಸಿದರು. ಕಟ್ಟಿದ ಕೈಗಳಲ್ಲಿ ಸ್ಪೇನಿನ ಗಲೀಸಿಯಾದಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳವು ಬಹಳ. ಶಕ್ತಿಯಿಲ್ಲದವರ ಮೆಟ್ಟಿಲುಗಳು ಇವತ್ತಿಗೂ ಹಾಗೇ ಪಾಳುಬಿದ್ದಿವೆ. ಎರಡು ನಿಮಿಷ ಬಸ್ಸು ನಿಲ್ಲಿಸಿ ಆ ಪೊದೆಗಳನ್ನು ತೋರಿಸಿ ಇಷ್ಟು ಹೇಳಿದರೆ, ಆಮೇಲೆ ಸಿಗುವ ಗ್ಲಾಸಿನ ಅರ್ಥವೇ ಬೇರೆಯಾಗುತ್ತದೆ.

ನದಿಯ ವಿಷಯದಲ್ಲೂ ಹೀಗೆಯೇ. ದೋಣಿಯಲ್ಲಿ ಕೂತವರಿಗೆ ಕಾಣುವುದು ಅಲುಗದ, ಅಗಲವಾದ ನೀರು. ಆ ಶಾಂತಿ ಅಣೆಕಟ್ಟುಗಳದ್ದು. 1970 ಮತ್ತು 80ರ ದಶಕಗಳಲ್ಲಿ ಪೋರ್ಚುಗಲ್‌ನೊಳಗಿನ ನದಿಗೆ ಒಂದರ ಮೇಲೊಂದು ಐದು ಅಣೆಕಟ್ಟುಗಳು ಬಂದವು. ಅವುಗಳಲ್ಲಿ ಕರ್ರಪತೇಲು ಅಣೆಯ ದೋಣಿಗಟ್ಟೆ ಹಡಗನ್ನು 35 ಮೀಟರಿನಷ್ಟು ಎತ್ತಿ ಇಳಿಸುತ್ತದೆ. ಅದಕ್ಕೆ ಮೊದಲು ಇದು ಬಂಡೆಗಳ ನಡುವೆ ಧುಮುಕುವ, ಜೀವ ತೆಗೆಯುವ ಹೊಳೆ. ಪೀಪಾಯಿಗಳನ್ನು ಹೇರಿಕೊಂಡು ರಬೇಲು ಎಂಬ ಚಪ್ಪಟೆ ತಳದ ದೋಣಿಗಳು ಇದರಲ್ಲೇ ಇಳಿದು ಪೋರ್ಟೊದ ಎದುರು ದಡದ ಗಾಯಾ ಪಟ್ಟಣದ ಉಗ್ರಾಣಗಳಿಗೆ ಹೋಗುತ್ತಿದ್ದವು. ಮೇಲಕ್ಕೆ ಬರುವಾಗ ಹಾಯಿ, ಗಾಳಿ ಕೈಕೊಟ್ಟ ಕಡೆ ದಡದಿಂದ ಎತ್ತು ಕಟ್ಟಿ ಎಳೆಯುವುದು. 1880ರ ಹೊತ್ತಿಗೆ ಪಿನ್ಯಾಂವ್‌ಗೆ ರೈಲು ಬಂದ ಮೇಲೆ ದೋಣಿಗಳ ಕೆಲಸ ಕರಗುತ್ತ ಹೋಗಿ 1960ರ ದಶಕದಲ್ಲಿ ನಿಂತೇಹೋಯಿತು. ಈಗ ಪ್ರವಾಸಿಗಳನ್ನು ಕೂರಿಸಿಕೊಳ್ಳುವವು ಅದೇ ಮಾದರಿಯಲ್ಲಿ ಕಟ್ಟಿದ, ಎಂಜಿನ್ ಇರುವ ದೋಣಿಗಳು.

ಗೈಡುಗಳು ಹೊಳೆಯ ಮೇಲೆ ಹೇಳದೆ ಬಿಡದ ಕಥೆ ಒಂದಿದೆ. 1861ರಲ್ಲಿ ವಲೈರಾ ಎಂಬ ಇಕ್ಕಟ್ಟಿನಲ್ಲಿ ದೋಣಿ ಮಗುಚಿತು. ಈ ನದಿಯ ನಕ್ಷೆ ಬರೆದು ಹೆಸರಾಗಿದ್ದ ಇಂಗ್ಲಿಷ್ ವೈನ್ ವ್ಯಾಪಾರಿ ಜೋಸೆಫ್ ಜೇಮ್ಸ್ ಫಾರೆಸ್ಟರ್ ಮುಳುಗಿ ಸತ್ತ. ಜೊತೆಗಿದ್ದ ಅಂತೋನಿಯಾ ಅದೆಲೈದ್ ಫೆರೇರಾ ಬದುಕಿದಳು. ಸೊಂಟದ ಪಟ್ಟಿಯ ಹಣದ ಭಾರಕ್ಕೆ ಅವನು ಮುಳುಗಿದ, ಉಬ್ಬಿದ ಲಂಗ ಅವಳನ್ನು ತೇಲಿಸಿತು ಎಂಬುದು ಜನ ಸೇರಿಸಿಕೊಂಡ ಭಾಗ. ದಂತಕಥೆ ಹೇಳಲಿ, ತಪ್ಪಿಲ್ಲ. ಆದರೆ ಲಂಗದ ಕಥೆಗೇ ಮಾತು ನಿಲ್ಲಿಸಿದರೆ ಆ ಹೆಣ್ಣಿಗೆ ಅನ್ಯಾಯವಾಗುತ್ತದೆ. 1811ರಲ್ಲಿ ಇದೇ ಕಣಿವೆಯ ರೆಗ್ವಾ ಊರಿನ ಬಳಿ ಹುಟ್ಟಿ, ಮೂವತ್ತರ ಆಸುಪಾಸಿನಲ್ಲಿ ಗಂಡನನ್ನು ಕಳೆದುಕೊಂಡು, ಕುಟುಂಬದ ಆಸ್ತಿಯನ್ನು ಕೈಗೆತ್ತಿಕೊಂಡು, ಕೀಟ ತಿಂದ ಕಾಲದಲ್ಲಿ ಸುತ್ತಲಿನವರು ಕೈಚೆಲ್ಲುತ್ತಿದ್ದಾಗ ಜಮೀನು ಕೊಂಡು ಮತ್ತೆ ನೆಡಿಸಿದವಳು ಅವಳು. ಅರವತ್ತು ದಾಟಿದ ಮೇಲೆ ಕಣಿವೆಯ ಮೂಡಣ ತುದಿಯ ಕುರುಚಲು ಕಾಡಿನಲ್ಲಿ ವಾಲ್ ಮ್ಯಾಂವ್ ತೋಟವನ್ನು ಮೊದಲಿನಿಂದ ಕಟ್ಟಿಸಿದಳು. ಅದರ ಗೋಡೆ ಕಟ್ಟುವ ಕೂಲಿಯಿಂದ ಎಷ್ಟೋ ಮನೆಗಳ ಒಲೆ ಉರಿಯಿತು. ಕಣಿವೆಯ ಜನ ಅವಳನ್ನು ಇವತ್ತಿಗೂ ಅಕ್ಕರೆಯಿಂದ ನೆನೆಯುವುದು ಇದಕ್ಕಾಗಿ.

ಕುಡಿಯದವರಿಗೆ ಇಲ್ಲೇನು ಕೆಲಸ ಎಂದು ನಮ್ಮವರು ಕೇಳುವುದು ಸಹಜ. ಕೆಲಸವಿದೆ. ಅಲ್ಲಿನ ಆಲಿವ್ ಎಣ್ಣೆಯನ್ನು ರೊಟ್ಟಿಗೆ ಅದ್ದಿ ತಿನ್ನಬಹುದು, ಬಾದಾಮಿಯಿದೆ. ರುಚಿ ನೋಡುವ ಮೇಜಿನ ಮೇಲೆ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಅದನ್ನು ಬಳಸಿದರೆ ಯಾರೂ ಬೇಸರಪಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಪೋರ್ಟ್ ವೈನ್ ಮಾಡುವ ವಿದ್ಯೆಯನ್ನು ನೋಡುವ ಅವಕಾಶ ಇದು. ಕಲ್ಲಿನ ತೊಟ್ಟಿಯಲ್ಲಿ ತುಳಿದ ದ್ರಾಕ್ಷಿ ಎರಡು ಮೂರು ದಿನ ಹುದುಗುತ್ತದೆ. ಸಿಹಿ ಅರ್ಧದಷ್ಟು ಉಳಿದಿರುವಾಗಲೇ ಶೇಕಡಾ 77 ಕಡುಪಿನ ದ್ರಾಕ್ಷಿ ಸಾರಾಯಿ ಸುರಿದು ಹುದುಗನ್ನು ಕೊಲ್ಲುತ್ತಾರೆ. 550 ಲೀಟರಿನ ಒಂದು ಪೀಪಾಯಿಗೆ ಹಳೆಯ ಲೆಕ್ಕ 435 ಲೀಟರ್ ರಸ, 115 ಲೀಟರ್ ಸಾರಾಯಿ. ಫಾರೆಸ್ಟರ್ ಈ ಸಾರಾಯಿ ಬೆರಕೆಯನ್ನೇ ವಿರೋಧಿಸಿ ಬರೆದಿದ್ದ. ವ್ಯಾಪಾರ ಅವನ ಮಾತು ಕೇಳಲಿಲ್ಲ. ಪಿನ್ಯಾಂವ್ ರೈಲು ನಿಲ್ದಾಣದ ಗೋಡೆಗೆ 1937ರಲ್ಲಿ ಕೂರಿಸಿದ ನೀಲಿ ಹೆಂಚುಗಳ ಚಿತ್ರಗಳಿವೆ. ಸುಗ್ಗಿಯ ಕೊಯ್ಲು, ಬುಟ್ಟಿ, ದೋಣಿ ಎಲ್ಲ ಅಲ್ಲಿವೆ. ಅದಕ್ಕೆ ಟಿಕೆಟ್ ಇಲ್ಲ. ಎಷ್ಟೋ ಪ್ರವಾಸಗಳು ಅಲ್ಲಿ ಐದು ನಿಮಿಷವನ್ನೂ ಕೊಡುವುದಿಲ್ಲವೆಂಬುದು ನನಗೆ ಬೇಸರದ ಸಂಗತಿ.

ಇನ್ನು ದುಡ್ಡಿನ ಮಾತು. ಪ್ರವಾಸಗಳು ಇದನ್ನು ಮುಟ್ಟುವುದೇ ಅಪರೂಪ. 1756ರಲ್ಲಿ, ಕಲಬೆರಕೆಯಿಂದ ಹೆಸರೂ ಬೆಲೆಯೂ ಕುಸಿದಿದ್ದಾಗ, ಪೋರ್ಚುಗಲ್‌ನ ಮಂತ್ರಿ ಪೊಂಬಾಲ್ ಒಂದು ಕಂಪನಿ ಸ್ಥಾಪಿಸಿ ಈ ಕಣಿವೆಗೆ ಗಡಿ ಹಾಕಿಸಿದ. ಅದನ್ನು ಗುರುತಿಸಲು ನೆಟ್ಟ ಗ್ರಾನೈಟ್ ಕಂಬಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಜಗತ್ತಿನ ಅತ್ಯಂತ ಹಳೆಯ ವೈನ್ ಗಡಿಗಳಲ್ಲಿ ಅದೊಂದು ಎಂದು ಗೈಡುಗಳು ಹೆಮ್ಮೆಯಿಂದ ಹೇಳುತ್ತಾರೆ. ಮರುವರ್ಷವೇ ಆ ಕಂಪನಿಯ ಏಕಸ್ವಾಮ್ಯದ ವಿರುದ್ಧ ಪೋರ್ಟೊದಲ್ಲಿ ದಂಗೆಯೆದ್ದು, ದಂಗೆಯೆದ್ದವರಲ್ಲಿ ಹಲವರನ್ನು ನೇಣಿಗೇರಿಸಿದ್ದನ್ನು ಅದೇ ಉಸಿರಿನಲ್ಲಿ ಹೇಳುವವರು ಕಡಿಮೆ. ಬೆಳೆಯುವವರಿಗೂ ಮಾರುವವರಿಗೂ ನಡುವಿನ ಜಗ್ಗಾಟ ಅಂದಿನಿಂದ ಇಂದಿನವರೆಗೆ ಮುಗಿದಿಲ್ಲ. ಈಗ ಪ್ರತಿಯೊಂದು ತೋಟಕ್ಕೂ ನೆಲ, ಎತ್ತರ, ಇಳಿಜಾರು, ಬಳ್ಳಿಯ ವಯಸ್ಸು ನೋಡಿ ದರ್ಜೆ ಕೊಡುತ್ತಾರೆ. ವರ್ಷಕ್ಕೆ ಎಷ್ಟು ರಸ ಪೋರ್ಟ್ ಆಗಬಹುದು ಎಂಬ ಮಿತಿಯನ್ನು ಆ ದರ್ಜೆಯ ಮೇಲೆ ಹಂಚುತ್ತಾರೆ. ಮಿತಿಯೊಳಗಿನ ದ್ರಾಕ್ಷಿಗೆ ಒಳ್ಳೆಯ ಬೆಲೆ, ಉಳಿದದ್ದಕ್ಕೆ ತೀರಾ ಕಡಿಮೆ. ಪೋರ್ಟ್ ಕುಡಿಯುವವರು ಕಡಿಮೆಯಾದಂತೆ ಇತ್ತೀಚಿನ ವರ್ಷಗಳಲ್ಲಿ ಈ ಮಿತಿಯನ್ನೂ ಇಳಿಸುತ್ತ ಬಂದಿದ್ದಾರೆ. 2024ರ ಸುಗ್ಗಿಯಲ್ಲಿ ದ್ರಾಕ್ಷಿ ಕೊಳ್ಳುವವರಿಲ್ಲವೆಂದು ರೈತರು ಬೀದಿಗಿಳಿದರು. ಕಡಿದಾದ ಇಳಿಜಾರಿನಲ್ಲಿ ಯಂತ್ರ ಓಡದೆ ಕೊಯ್ಲು ಬಹುಪಾಲು ಕೈಯಿಂದಲೇ ಆಗಬೇಕು. ಊರಿನ ಯುವಕರು ಕಡಲ ಕಡೆಯ ನಗರಗಳಿಗೆ ಹೋಗಿದ್ದಾರೆ.

ಗಾರೆಯಿಲ್ಲದ ಗೋಡೆ ದೊಡ್ಡ ಮಳೆಗೆ ಕುಸಿಯುತ್ತದೆ. ಅದನ್ನು ಮತ್ತೆ ಕೂರಿಸುವ ಕೂಲಿಯನ್ನು ಕೊಡಬೇಕಾದವನು ಆ ದ್ರಾಕ್ಷಿಗೆ ಬೆಲೆ ಸಿಗದ ರೈತನೇ. ನೋಡುವ ಕಟ್ಟೆಯಲ್ಲಿ ನಿಂತು ನಾವೆಲ್ಲ ಮೆಚ್ಚುವ ನೋಟಕ್ಕೆ ನಾವು ಅವನಿಗೆ ಏನೂ ಕೊಡುವುದಿಲ್ಲ. ಪ್ರವಾಸದ ಬಗ್ಗೆ ನಾವು ಮಾಡಬೇಕಾದ ವಾದ ಇದರ ಸುತ್ತ ಇರಬೇಕು ಎಂದು ನನಗೆ ಅನಿಸುತ್ತದೆ. ನೋಡುವವರ ದುಡ್ಡಿನಲ್ಲಿ ಒಂದು ಪಾಲು ಗೋಡೆಯವರೆಗೆ ತಲುಪದಿದ್ದರೆ, ಮುಂದೊಂದು ಕಾಲಕ್ಕೆ ನೋಡಲು ಪೊದೆ ಮುಚ್ಚಿದ ಮೆಟ್ಟಿಲುಗಳೇ ಹೆಚ್ಚಾಗಿ ಉಳಿದಾವು. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟಗಳಿಗೂ ಬೆಂಗಳೂರಿನಿಂದ ಈಗ ಒಂದು ದಿನದ ಪ್ರವಾಸಗಳಿವೆ. ಅಲ್ಲಿ ಊಟ, ರುಚಿ, ಫೋಟೊ ಎಲ್ಲ ಮುಗಿದರೂ ಸುತ್ತಲಿನ ದ್ರಾಕ್ಷಿ ಬೆಳೆಗಾರರ ಮುಖ ಕಾಣುವುದಿಲ್ಲ ಎಂಬ ದೂರು ನಮ್ಮದೂ ಆಗಬಹುದಾದದ್ದು.

ದೋರುವಿನಲ್ಲಿ ಒಂದು ದಾರಿ ತೆರೆದಿದೆ. 1986ರವರೆಗೆ ಪೋರ್ಟ್ ವೈನನ್ನು ಹೊರದೇಶಕ್ಕೆ ಕಳಿಸಬೇಕಾದರೆ ಗಾಯಾದ ಉಗ್ರಾಣಗಳ ಮೂಲಕವೇ ಕಳಿಸಬೇಕಿತ್ತು. ಅಲ್ಲಿ ದೊಡ್ಡ ದಾಸ್ತಾನು ಇಡಲಾರದ ಸಣ್ಣ ತೋಟದವರು ದೊಡ್ಡ ಮನೆಗಳಿಗೆ ದ್ರಾಕ್ಷಿ ಮಾರಿ ಸುಮ್ಮನಾಗುತ್ತಿದ್ದರು. ಆ ಕಟ್ಟು ಸಡಿಲವಾದ ಮೇಲೆ ಎಷ್ಟೋ ಕುಟುಂಬಗಳು ತಮ್ಮ ತೋಟದ ಹೆಸರಿನಲ್ಲೇ ಬಾಟಲಿ ತುಂಬುತ್ತಿವೆ. ಜಾಹೀರಾತಿಗೆ ಅವರಲ್ಲಿ ದುಡ್ಡಿಲ್ಲ. ಬಾಗಿಲಿಗೆ ಬಂದು ನಿಲ್ಲುವ ಎಂಟು ಹತ್ತು ಜನರ ಮಿನಿಬಸ್ಸೇ ಅವರ ಮಾರುಕಟ್ಟೆ. ಹಾಗಾಗಿ ಟಿಕೆಟ್ ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ್ದು ಬಸ್ಸು ಎಷ್ಟು ಕಡೆ ನಿಲ್ಲುತ್ತದೆ ಎಂಬುದನ್ನಲ್ಲ. ಯಾರ ಮನೆಯ ಮುಂದೆ ನಿಲ್ಲುತ್ತದೆ, ಅಲ್ಲಿ ತೋಟದವರೇ ಮಾತಾಡುತ್ತಾರೆಯೇ, ಬಳ್ಳಿಯ ಸಾಲಿನೊಳಗೆ ಕಾಲಿಟ್ಟು ಗೋಡೆಯನ್ನು ಹತ್ತಿರದಿಂದ ನೋಡಲು ಬಿಡುತ್ತಾರೆಯೇ ಎಂದು ಕೇಳಬೇಕು. ಕೇಳುವವರು ಹೆಚ್ಚಾದರೆ ಪ್ರವಾಸ ನಡೆಸುವವರು ದಾರಿ ಬದಲಿಸುತ್ತಾರೆ, ಏಕೆಂದರೆ ಅವರ ಬದುಕು ನಿಂತಿರುವುದು ನಾವು ಕೊಳ್ಳುವ ಟಿಕೆಟ್ಟಿನ ಮೇಲೆ.