ಊರಿನ ಬಚ್ಚಲ ನೀರು, ಕೇರಿಯ ಬಾಗಿಲಿಗೆ

ನಮ್ಮೂರಿಗೆ ಬೂದು ನೀರು ಶುದ್ಧೀಕರಣ ಘಟಕ ಬರ್ತಿದೆಯಂತೆ. ಒಳ್ಳೇದೇ. ಜಾಗ? ಮತ್ತೆ ನಮ್ಮ ಕೇರಿ ಪಕ್ಕ! "ಇಳಿಜಾರು ಆ ಕಡೆನೇ ಇದೆ" ಅಂತಾರೆ. ಇಳಿಜಾರಲ್ಲಿ ನಮ್ಮನ್ನ ಕೂರಿಸಿದ್ದು ಯಾರು ಸ್ವಾಮಿ?

ಮಡ್ಡಿ ಕೂರೋಕೆ ಒಂದು ತೊಟ್ಟಿ, ಆಮೇಲೆ ಜಲ್ಲಿ ತುಂಬಿ ಜೊಂಡು, ಕಾಬಾಳೆ ಗಿಡ. ಕರೆಂಟೂ ಬೇಡ, ನೀರು ತಿಳಿಯಾಗುತ್ತೆ, ತೋಟಕ್ಕೆ ಬಿಡಬಹುದು. ವಿಧಾನದ ಮೇಲೆ ನಂಗೆ ತಕರಾರಿಲ್ಲ. ಎಸ್ಟಿಮೇಟಲ್ಲಿ ಜಲ್ಲಿ, ಸಿಮೆಂಟಿನ ಲೆಕ್ಕ ಇದೆ. ಮಡ್ಡಿ ಎತ್ತೋರ ಕೂಲಿ, ಬೂಟು, ಗ್ಲೌಸಿನ ಲೆಕ್ಕ ಇಲ್ಲ. ನಾನೂ ಗುಮಾಸ್ತನೇ, ಬಿಟ್ಟುಹೋದ ಸಾಲನ್ನೂ ಓದೋಕೆ ಬರುತ್ತೆ. ಯಾರನ್ನ ಕರೀತಾರೆ ಅಂತ ಗೊತ್ತು. ತಿಳಿನೀರು ಯಾರ ತೋಟಕ್ಕೆ ಹೋಗುತ್ತೆ ಅಂತಲೂ.

ಹಿತ್ತಲು ಇರೋರು ಅಲ್ಲೇ ಬಚ್ಚಲುಗುಂಡಿ ತೋಡಿ ನಿಮ್ಮ ನೀರು ಇಂಗಿಸಿ. ನರೇಗಾದಲ್ಲೇ ಇದಕ್ಕೆ ದುಡ್ಡು ಕೊಟ್ಟಿದ್ದಾರಲ್ಲ! ಹಿತ್ತಲೇ ಇಲ್ಲದ ಕೇರಿ ನೀರಿಗಷ್ಟೇ ತೊಟ್ಟಿ ಕಟ್ಟಿ, ಆ ತಿಳಿನೀರು ನಮಗೇ ಬಿಡಿ.

ಗ್ರಾಮಸಭೆಗೆ ಎಲ್ಲರೂ ಬನ್ನಿ. ಜೈ ಭೀಮ್.